ಶಾಲಿಮಾರ್ ಯಾರ ಸೆಂಟು?

1/10

ಫೋಟೋದಲ್ಲಿ ಕಾಣ್ತಿರೋ ಬೆರಳುದ್ದದ ಸೀಸೆಯಲ್ಲಿ ಇರೋದು ಶಾಲಿಮಾರ್. ಪ್ಯಾರಿಸ್ಸಿನ ಗೆರ್ಲಾಂ ಕಂಪನಿಯವರು 1925ರಲ್ಲಿ ಜಗತ್ತಿಗೆ ತೋರಿಸಿದ ಸೆಂಟು. ಪೂರ್ತಿ ಬಾಟಲಿ ಕೊಳ್ಳೋ ತಾಕತ್ತು ನಮಗಿಲ್ಲ. ದೊಡ್ಡ ಬಾಟಲಿಯಿಂದ ಸಣ್ಣದಕ್ಕೆ ಬಗ್ಗಿಸಿ ಮಾರ್ತಾರಲ್ಲ, ಡಿಕ್ಯಾಂಟ್ ಅಂತ, ಅದು. 10 ಎಂಎಲ್. ನಾಲ್ಕು ಜನ ದುಡ್ಡು ಹಾಕಿ ತರಿಸಿದ್ವಿ.

ಆ 10 ಎಂಎಲ್ ನಮ್ಮ ಕ್ಲಾಸಲ್ಲಿ ಎಬ್ಬಿಸಿದ ಗಲಾಟೆ ನಿಮಗೆಲ್ಲ ಗೊತ್ತು. ಗ್ರೂಪಲ್ಲಿ ಬಂದ ಮೆಸೇಜುಗಳನ್ನ ಒಂದೊಂದಾಗಿ ಇಲ್ಲಿ ಹಾಕಲ್ಲ, ನಾಲ್ಕು ತೀರ್ಪುಗಳನ್ನ ಮಾತ್ರ ಎತ್ತಿಕೊಳ್ತೀನಿ. ಒಂದು, "ಇದು ಹುಡುಗಿ ಸೆಂಟು ಕಣೋ." ಎರಡು, "ಮೊಘಲರ ಸೆಂಟು ಹಾಕ್ಕೊಂಡು ಬಂದಿದಾನೆ ನೋಡು." ಮೂರು, "ದರ್ಗಾ ವಾಸನೆ." ನಾಲ್ಕನೇದು ನಮ್ಮ ಕಡೆಯವರದ್ದೇ, ಅಂದ್ರೆ ಸೆಂಟಿನ ಹುಚ್ಚು ಇರೋರದ್ದು: "ಇದನ್ನ ಮೆಚ್ಚೋಕೆ ಪಳಗಿದ ಮೂಗು ಬೇಕು, ನಿಮ್ಮಂಥೋರಿಗಲ್ಲ."

ನಾಲ್ಕೂ ಸುಳ್ಳು. ಯಾಕೆ ಅಂತ ಹತ್ತು ಪೋಸ್ಟಲ್ಲಿ ಹೇಳ್ತೀನಿ. ಉದ್ದ ಆಯ್ತು ಅನ್ನೋರು ಮುಂದಕ್ಕೆ ಹೋಗಬಹುದು, ಬೇಜಾರಿಲ್ಲ. ಯಾರ ಹೆಸರನ್ನೂ ಹಾಕಿಲ್ಲ. ಕಾಮೆಂಟಲ್ಲಿ ಯಾರನ್ನಾದ್ರೂ ಟ್ಯಾಗ್ ಮಾಡಿದ್ರೆ ಅಳಿಸಿಬಿಡ್ತೀನಿ.

2/10

ಮೊದಲು ಮೂಗಿಗೆ ಸಿಕ್ಕಿದ್ದೇನು ಅಂತ ನೋಡೋಣ. ಹಾಸ್ಟೆಲ್ ರೂಮಲ್ಲಿ ನೋಟ್‌ಬುಕ್ ಹಾಳೆ ಹರಿದು, ಪಟ್ಟಿ ಮಾಡಿ, ಒಂದೊಂದು ಹನಿ ಹಾಕಿ ಕೊಟ್ವಿ. ಒಬ್ಬ "ಅಯ್ಯಂಗಾರ್ ಬೇಕರಿ" ಅಂದ. ಒಬ್ಬಳಿಗೆ ಎಳೆಮಗುವಿಗೆ ನೀರು ಹಾಕಿ ಪೌಡರ್ ಹಚ್ಚಿದ ಹಾಗೆ ಅನ್ನಿಸ್ತು. ಒಬ್ಬ ಹೇರಳೆಕಾಯಿ ಸಿಪ್ಪೆ ಅಂದ. ಇನ್ನೊಬ್ಬ ಪಟ್ಟೀನ ಮೂಗಿನಿಂದ ದೂರ ಹಿಡಿದು "ಡಾಂಬರು, ಸುಟ್ಟ ರಬ್ಬರು" ಅಂತ ಮುಖ ಕಿವಿಚಿದ. ಕೆಮ್ಮಿನ ಸಿರಪ್ ಅಂದವರು ಇದ್ದಾರೆ. ಹಳ್ಳಿಯಿಂದ ಬಂದ ನಮ್ಮ ಜೂನಿಯರ್ ಒಬ್ಬಳು ತುಂಬಾ ಹೊತ್ತು ಮೂಸಿ, "ಒಣಹುಲ್ಲಿನ ಬಣವೆ ಪಕ್ಕ ಕೂತ ಹಾಗಿದೆ" ಅಂದಳು. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಅದು.

ಮಜಾ ಏನು ಗೊತ್ತಾ, ಇವರಲ್ಲಿ ಯಾರೂ ಗಾಳಿಯಲ್ಲಿ ಗುಂಡು ಹೊಡೆದಿಲ್ಲ. ಬೇಕರಿ ಅಂದವನಿಗೆ ಸಿಕ್ಕಿದ್ದು ವೆನಿಲ್ಲಾ. ಹೇರಳೆಕಾಯಿ ಅಂದವನಿಗೆ ಬರ್ಗಮಾಟ್, ಇಟಲಿಯ ಕಲಾಬ್ರಿಯಾದ ಕಡೆ ಬೆಳೆಯೋ ನಿಂಬೆ ಜಾತಿಯ ಹಣ್ಣು. ಅರ್ಲ್ ಗ್ರೇ ಚಹಾಕ್ಕೆ ಘಮ ಬರೋದೂ ಅದರ ಸಿಪ್ಪೆಯ ಎಣ್ಣೆಯಿಂದಲೇ. ವೆನಿಲ್ಲಾ ಜೊತೆ ಐರಿಸ್ ಬೇರು ಸೇರಿದಾಗ ಪೌಡರಿನ ಮೆತ್ತಗಿನ ಅನುಭವ ಬರುತ್ತೆ. ಒಣಹುಲ್ಲಿಗೆ ಕಾರಣ ಟೊಂಕಾ ಬೀಜದಲ್ಲಿರೋ ಕೂಮರಿನ್. ಹುಲ್ಲು ಕೊಯ್ದು ಒಣಗಿಸಿದಾಗ ಬರೋ ಸಿಹಿ ಘಮದಲ್ಲಿ ಇರೋದೂ ಇದೇ ಪದಾರ್ಥ. ಡಾಂಬರು ಅಂದವನೂ ಸರಿಯೇ, ತಳದಲ್ಲಿ ಹೊಗೆ ಹಾಕಿದ ಚರ್ಮದಂಥ ಒಂದು ಎಳೆ ಇದೆ.

ಇನ್ನೂ ಒಂದು ವಿಷಯ. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ ಸೆಂಟು ಸಂಜೆ ನಾಲ್ಕಕ್ಕೆ ಅದೇ ಆಗಿರಲ್ಲ. ಸಿಪ್ಪೆಯ ಎಣ್ಣೆ ಬೇಗ ಆರಿಹೋಗುತ್ತೆ. ವೆನಿಲ್ಲಾ, ಅಂಟು ರಾಳಗಳು ಮಾರನೇ ದಿನದ ತನಕ ಅಂಗಿ ಕಾಲರಲ್ಲಿ ಕೂತಿರ್ತವೆ. ಫಸ್ಟ್ ಅವರಲ್ಲಿ ಮೂಸಿದವನೂ ಲಾಸ್ಟ್ ಅವರಲ್ಲಿ ಮೂಸಿದವನೂ ಜಗಳ ಆಡ್ತಿದ್ದಾರೆ ಅಂದ್ರೆ, ಒಬ್ಬ ಸಿನಿಮಾದ ಮೊದಲ ಅರ್ಧ ನೋಡಿದಾನೆ, ಇನ್ನೊಬ್ಬ ಇಂಟರ್ವಲ್ ಆದಮೇಲೆ ಒಳಗೆ ಬಂದಿದಾನೆ.

3/10

ಮೂಗಿನ ವಿಷಯ. ಸ್ವಲ್ಪ ಸೈನ್ಸು, ತಾಳ್ಮೆ ಇರಲಿ.

ಮನುಷ್ಯರ ಮೂಗಲ್ಲಿ ವಾಸನೆ ಹಿಡಿಯೋ ಗ್ರಾಹಕಗಳು ಸುಮಾರು 400 ಬಗೆಯವು. ಪ್ರತಿಯೊಂದಕ್ಕೂ ಒಂದು ಜೀನ್. ಆ ಜೀನುಗಳು ನಿಮಗೂ ನನಗೂ ಒಂದೇ ಥರ ಇಲ್ಲ. 2014ರಲ್ಲಿ ಬಂದ ಒಂದು ಸಂಶೋಧನೆಯ ಪ್ರಕಾರ ಯಾರೇ ಇಬ್ಬರನ್ನ ಅಕ್ಕಪಕ್ಕ ನಿಲ್ಲಿಸಿದ್ರೂ ಅವರ ಗ್ರಾಹಕಗಳಲ್ಲಿ ಸುಮಾರು ಶೇ. 30ರಷ್ಟು ಬೇರೆ ಬೇರೆ ರೀತಿ ಕೆಲಸ ಮಾಡ್ತವೆ. ಆಂಡ್ರೋಸ್ಟೆನೋನ್ ಅಂತ ಒಂದು ಪದಾರ್ಥ ಇದೆ, ಬೆವರಲ್ಲಿ ಇರುತ್ತೆ. ಕೆಲವರಿಗೆ ಅದು ಉಚ್ಚೆ ನಾತ, ಕೆಲವರಿಗೆ ಸಿಹಿ, ಕೆಲವರಿಗೆ ಏನೇನೂ ಇಲ್ಲ, ಬರೀ ಗಾಳಿ. ಒಂದೇ ಒಂದು ಗ್ರಾಹಕದ ಜೀನಲ್ಲಿ ಇರೋ ವ್ಯತ್ಯಾಸಕ್ಕೆ ಇದರಲ್ಲಿ ದೊಡ್ಡ ಪಾತ್ರ ಇದೆ ಅಂತ 2007ರಲ್ಲೇ ತೋರಿಸಿದ್ದಾರೆ. ಕೆಲವು ಬಗೆಯ ಕಸ್ತೂರಿ ಘಮಗಳಿಗೂ ಹೀಗೇ, ಒಬ್ಬನಿಗೆ ತಲೆ ತುಂಬೋದು ಪಕ್ಕದವನ ಮೂಗಿಗೆ ಗೊತ್ತೇ ಆಗಲ್ಲ.

ಹಾಗಾಗಿ "ನಿನ್ನ ಮೂಗು ಸರಿ ಇಲ್ಲ" ಅನ್ನೋ ಮಾತಿಗೆ ಅರ್ಥವೇ ಇಲ್ಲ. ಅದಕ್ಕೆ ಮೇಲೆ ನೆನಪು ಬೇರೆ ಕೂತಿದೆ. ಫ್ರೆಂಚ್ ಹುಡುಗಿಗೆ ಅಮ್ಮನ ಕೋಟು ನೆನಪಾಗಬಹುದು. ನಮಗೆ ವೆನಿಲ್ಲಾ ಅಂದ್ರೆ ಕಸ್ಟರ್ಡ್ ಪೌಡರು, ಮದುವೆ ಊಟದ ಕೊನೆಗೆ ಕೊಡೋ ಐಸ್‌ಕ್ರೀಮ್ ಕಪ್ಪು, ಅದರ ಮರದ ಚಮಚ.

4/10

ಈಗ ನಮ್ಮ ಕಡೆಯವರ ಸರದಿ. ಇವರಿಗೆ ಹೇಳಲೇಬೇಕು.

ಸೆಂಟಿನ ರೀಲ್ಸ್ ನೋಡಿ ನೋಡಿ ಕೆಲವರಿಗೆ ಒಂದು ಗತ್ತು ಬಂದುಬಿಟ್ಟಿದೆ. ಬೇಬಿ ಪೌಡರ್ ಅಂದ ಹುಡುಗೀನ "ನಿಂಗೆ ಕ್ಲಾಸಿಕ್ ಅರ್ಥ ಆಗಲ್ಲ" ಅಂತ ಬಾಯಿ ಮುಚ್ಚಿಸಿದ್ದು ನಾನು ನೋಡಿದೀನಿ. ಯಾವ ಕ್ಲಾಸಿಕ್ಕು ಮಾರಾಯ? ನೀನು ಹಿಡ್ಕೊಂಡಿರೋದು ಓ ದ ಪರ್ಫ್ಯೂಮ್. ಅದಕ್ಕೇ ಓ ದ ತ್ವಾಲೆಟ್ ಅಂತ ಇನ್ನೊಂದಿದೆ, ತಿಳಿ, ಅದು ಬೇರೆ ಥರ ಶುರುವಾಗುತ್ತೆ. ಗಟ್ಟಿ ಎಕ್ಸ್‌ಟ್ರೆಯದ್ದು ಮತ್ತೊಂದು ದಾರಿ. ಸಾಲದ್ದಕ್ಕೆ ನೂರು ವರ್ಷದಲ್ಲಿ ಇದರ ಪಾಕ ಎಷ್ಟೋ ಸಲ ಬದಲಾಗಿದೆ. ಬರ್ಗಮಾಟ್ ಎಣ್ಣೆಯಲ್ಲಿ ಬಿಸಿಲು ಬಿದ್ದರೆ ಚರ್ಮ ಸುಡಿಸೋ ಒಂದು ಅಂಶ ಇದೆ, ಈಗ ಅದನ್ನ ತೆಗೆದೇ ಬಳಸಬೇಕು. ಪ್ರಾಣಿಗಳಿಂದ ತೆಗೀತಿದ್ದ ಸಾಮಾನಿನ ಜಾಗಕ್ಕೆ ಲ್ಯಾಬಿನದ್ದು ಬಂದಿದೆ. 1925ರಲ್ಲಿ ಪ್ಯಾರಿಸ್ಸಿನ ಹೆಂಗಸು ಹಾಕ್ಕೊಂಡಿದ್ದು ನಿನ್ನ ಮಣಿಕಟ್ಟಿನ ಮೇಲೆ ಇಲ್ಲ. ಅದರ ಮೊಮ್ಮಗಳು ಇದಾಳೆ ಅಷ್ಟೇ.

ಬಾಟಲಿ ಮೇಲಿರೋ ಹೆಸರಿಗೆ ಕೈಮುಗಿದು ಮೂಗನ್ನ ಅಡ ಇಡೋದಕ್ಕೆ ಪಳಗಿದ ಮೂಗು ಅಂತ ಕರೆಯೋದಾದ್ರೆ, ಬಣವೆ ಅಂದಳಲ್ಲ ಆ ಜೂನಿಯರ್ ಹತ್ರ ಹೋಗಿ ಪಾಠ ಹೇಳಿಸ್ಕೊಳ್ಳಿ. ಯಾವ ಪಟ್ಟೀನೂ ಓದದೆ ಕೂಮರಿನ್ ಹಿಡಿದವಳು ಅವಳೊಬ್ಬಳೇ.

5/10

"ಹುಡುಗಿ ಸೆಂಟು."

ಇದನ್ನ ಹೇಳಿದವನ ಬ್ಯಾಗಲ್ಲಿ ಓಲ್ಡ್ ಸ್ಪೈಸ್ ಇತ್ತು. ಅವರಪ್ಪನೂ ಶೇವಿಂಗ್ ಆದಮೇಲೆ ಅದನ್ನೇ ಹಚ್ಚೋದು ಅಂತ ಹೆಮ್ಮೆಯಿಂದ ಹೇಳಿದ. ಹಡಗಿನ ಚಿತ್ರ, ಗಂಡಸ್ತನ, ಎಲ್ಲ ಸರಿ. ಆದರೆ ಓಲ್ಡ್ ಸ್ಪೈಸ್ ಅನ್ನೋ ಹೆಸರಲ್ಲಿ ಅಮೆರಿಕದ ಶುಲ್ಟನ್ ಕಂಪನಿ ಮೊದಲು ತಂದಿದ್ದು 1937ರಲ್ಲಿ, ಹೆಂಗಸರಿಗೆ. ಪೂರ್ತಿ ಹೆಸರು 'ಅರ್ಲಿ ಅಮೆರಿಕನ್ ಓಲ್ಡ್ ಸ್ಪೈಸ್'. ಹಳೇ ಕಾಲದ ಅಮೆರಿಕನ್ ಮನೆಗಳನ್ನ ನೆನಪಿಸೋ ಥರ ಮಾಡಿದ ಇತಿಹಾಸದ ಸೆಂಟು ಅದು. ಗಂಡಸರ ಓಲ್ಡ್ ಸ್ಪೈಸ್ ಬಂದಿದ್ದು ಮುಂದಿನ ವರ್ಷ, 1938ರಲ್ಲಿ. ಅಕ್ಕ ಹುಟ್ಟಿ ಒಂದು ವರ್ಷಕ್ಕೆ ತಮ್ಮ. ಅಕ್ಕನ ಹೆಸರನ್ನೇ ತಮ್ಮನಿಗೂ ಇಟ್ಟರು.

ಅವನಿಗೆ ಇದನ್ನ ಹೇಳಿದೆ. ಗೂಗಲ್ ಮಾಡಿದ. ಆಮೇಲೆ ಮಾತು ಬದಲಾಯಿಸಿ ಕ್ರಿಕೆಟ್ಟಿಗೆ ಹೋದ.

ಮೂಗು ತಾನಾಗೇ "ಹುಡುಗಿ" ಅಂತ ಹೇಳಲ್ಲ, ಡಬ್ಬಿ ಹೇಳಿಸುತ್ತೆ. ರೇಚಲ್ ಹರ್ಜ್ ಮತ್ತು ಜೂಲಿಯಾ ಫಾನ್ ಕ್ಲೆಫ್ ಅನ್ನೋ ಇಬ್ಬರು ಸಂಶೋಧಕಿಯರು 2001ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ವಾಸನೆ. ಒಂದು ಸಲ ಅದಕ್ಕೆ ಪಾರ್ಮಸಾನ್ ಚೀಸ್ ಅಂತ ಹೆಸರು ಕೊಟ್ಟರು, ಇನ್ನೊಂದು ಸಲ ವಾಂತಿ ಅಂತ. ಚೀಸ್ ಅಂದಾಗ ಚೆನ್ನಾಗಿದೆ ಅನ್ನಿಸಿದ್ದು ವಾಂತಿ ಅಂದಾಗ ಅಸಹ್ಯ ಆಯ್ತು. ಒಳಗಿದ್ದ ಪದಾರ್ಥ ಒಂದು ಚೂರೂ ಬದಲಾಗಿರಲಿಲ್ಲ. ಶಾಲಿಮಾರ್ ಡಬ್ಬಿಯನ್ನ ಅಂಗಡಿಯವನು ಲೇಡೀಸ್ ಸಾಲಲ್ಲಿ ಇಡ್ತಾನೆ. ಅಲ್ಲಿಗೆ ನಮ್ಮ ಹುಡುಗರ ಮೂಗಿನ ಕೆಲಸ ಮುಗೀತು.

6/10

ಸ್ವೈಪ್ ಮಾಡಿದ್ರೆ ಮೂರು ಬಾಟಲಿಗಳ ಚಿತ್ರ ಇದೆ. ಇವನ್ನ ಸಾಲಾಗಿ ನೋಡಿದ್ರೆ ಈ ಗಂಡು-ಹೆಣ್ಣು ವಿಂಗಡಣೆ ಎಷ್ಟು ಅಗ್ಗದ್ದು ಅಂತ ಗೊತ್ತಾಗುತ್ತೆ.

ಮೊದಲನೇದು ಜಿಕಿ, 1889. ಎಮೆ ಗೆರ್ಲಾಂ ಮಾಡಿದ್ದು. ಐಫೆಲ್ ಟವರ್ ಎದ್ದ ವರ್ಷ. ಲ್ಯಾವೆಂಡರ್, ವೆನಿಲಿನ್, ಕೂಮರಿನ್, ತಳದಲ್ಲಿ ಪುನುಗು. ಲ್ಯಾಬಲ್ಲಿ ಮಾಡಿದ ಪದಾರ್ಥಗಳನ್ನ ಧೈರ್ಯವಾಗಿ ಬಳಸಿದ ಮೊದಮೊದಲ ಸೆಂಟುಗಳಲ್ಲಿ ಇದೂ ಒಂದು. ಇದನ್ನ ಗಂಡಸರೂ ಹಾಕಿದರು, ಹೆಂಗಸರೂ ಹಾಕಿದರು, ಇವತ್ತಿಗೂ ಹಾಕ್ತಾರೆ. ಶಾಲಿಮಾರ್ ಇದರದ್ದೇ ವಂಶ. ಜಾಕ್ ಗೆರ್ಲಾಂ ಆಗ ಹೊಸದಾಗಿದ್ದ ಈಥೈಲ್ ವೆನಿಲಿನ್ನನ್ನ ಜಿಕಿಗೆ ಸುರಿದು ನೋಡಿದ, ಅಲ್ಲಿಂದ ಶಾಲಿಮಾರ್ ಹುಟ್ಟಿತು ಅಂತ ಒಂದು ಕಥೆ ಹೇಳ್ತಾರೆ. (ಪುನುಗು ಅಂದ ತಕ್ಷಣ "ಛೀ, ಬೆಕ್ಕಿಂದು" ಅನ್ನೋರಿಗೆ: ತಿರುಮಲದಲ್ಲಿ ವೆಂಕಟೇಶ್ವರನ ಮೂರ್ತಿಗೆ ಹಚ್ಚೋದೂ ಪುನುಗಿನ ತೈಲವೇ.)

ಎರಡನೇದು 1934ರದ್ದು, ಕಾರೋಂ ಅನ್ನೋ ಕಂಪನಿಯದ್ದು. ಮತ್ತೆ ಅದೇ ಲ್ಯಾವೆಂಡರ್, ಅದೇ ವೆನಿಲ್ಲಾ. ಹೆಸರು ಮಾತ್ರ 'ಪೂರ್ ಅನ್ ಒಮ್'. ಅಂದ್ರೆ 'ಒಬ್ಬ ಗಂಡಸಿಗೆ'. ಜಗಳವೇ ಮುಗೀತು, ಬಾಟಲಿ ಮೇಲೆ ಬರೆದುಬಿಟ್ಟರಲ್ಲ!

ಮೂರನೇದು 1965ರ ಅಬೀ ರೂಜ್, ಮತ್ತೆ ಗೆರ್ಲಾಂ. ಕುದುರೆ ಸವಾರರ ಕೆಂಪು ಕೋಟಿನ ಹೆಸರು. ನಿಂಬೆ ಜಾತಿಯ ಘಮ ಮೇಲೆ, ವೆನಿಲ್ಲಾ ಮತ್ತು ಚರ್ಮ ಕೆಳಗೆ. ಗಂಡಸರ ಶಾಲಿಮಾರ್ ಅಂತಲೇ ಬಲ್ಲವರು ಅದನ್ನ ಕರೆಯೋದು. ಅಪ್ಪನಿಗೆ ಹೊಲಿಸಿದ ಬಟ್ಟೆಯ ಥಾನಿನಿಂದಲೇ ಮಗಳಿಗೂ ಹೊಲಿಸಿದ ಹಾಗೆ. ಒಂದೇ ಅಂಗಡಿ ಒಂದೇ ಬಗೆಯ ಎಲುಬುಗೂಡನ್ನ ಎರಡು ಸಾಲಲ್ಲಿಟ್ಟು ಎರಡು ಸಲ ಮಾರುತ್ತೆ, ನಾವು ಇಲ್ಲಿ ಹಾಸ್ಟೆಲ್ ಕಾರಿಡಾರಲ್ಲಿ ನಿಂತು ಒಬ್ಬರ ಗಂಡಸ್ತನ ಒಬ್ಬರು ಅಳೀತೀವಿ.

ಈಗ ಡಬ್ಬಿ ಮೇಲೆ ಯೂನಿಸೆಕ್ಸ್ ಅಂತ ಅಚ್ಚು ಹಾಕಿ, ಏನೋ ಕ್ರಾಂತಿ ಮಾಡಿದವರ ಹಾಗೆ ಬೆಲೆ ಏರಿಸೋರನ್ನ ಕಂಡ್ರೂ ನನಗೆ ಅಷ್ಟೇ ನಗು. ಜರ್ಮನಿಯ ಕಲೋನ್ ಊರಲ್ಲಿ ಫರೀನಾ ಮನೆತನ 1709ರಿಂದ ಮಾರ್ತಾ ಬಂದ ನೀರನ್ನ ಗಂಡು ಹೆಣ್ಣು ಇಬ್ಬರೂ ಮೈಗೆ ಹಾಕ್ಕೊಂಡರು. 1994ರಲ್ಲಿ ಸಿಕೆ ಒನ್ ಬಂದಾಗ ಅದನ್ನೇ ಹೊಸ ಸುದ್ದಿ ಮಾಡಿದರು.

7/10

"ಮೊಘಲರ ಸೆಂಟು."

ಇದು ಸ್ವಲ್ಪ ವಿಚಿತ್ರ. ಬೈಯೋರೂ ಮೆಚ್ಚೋರೂ ಒಂದೇ ಸುಳ್ಳನ್ನ ನಂಬ್ಕೊಂಡಿದ್ದಾರೆ.

ಕಂಪನಿ ಹೇಳೋ ಕಥೆ ಹೀಗೆ: ಷಹಜಹಾನ್ ತನ್ನ ಮುಮ್ತಾಜಳ ಜೊತೆ ಶಾಲಿಮಾರ್ ತೋಟಗಳಲ್ಲಿ ಓಡಾಡ್ತಿದ್ದ, ಆ ಪ್ರೇಮದ ನೆನಪಿಗೆ ಈ ಸೆಂಟು. ಚೆಂದದ ಕಥೆ. ತಾರೀಖು ಹಾಕಿ ನೋಡೋಣ. ಶ್ರೀನಗರದ ಶಾಲಿಮಾರ್ ತೋಟ ಮಾಡಿಸಿದ್ದು ಷಹಜಹಾನನ ಅಪ್ಪ ಜಹಾಂಗೀರ್, 1619ರಲ್ಲಿ. ಷಹಜಹಾನ್ ತಾನೇ ಚಕ್ರವರ್ತಿಯಾಗಿ ಮಾಡಿಸಿದ್ದು ಲಾಹೋರಿನದ್ದು, ಅದರ ಕೆಲಸ ಶುರುವಾಗಿದ್ದು 1641ರಲ್ಲಿ. ಮುಮ್ತಾಜ್ ತೀರಿಕೊಂಡಿದ್ದು 1631ರಲ್ಲಿ, ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೇ ಹೆರಿಗೆಯಲ್ಲಿ. ಲಾಹೋರಿನ ತೋಟಕ್ಕೆ ಮೊದಲ ಗುದ್ದಲಿ ಬೀಳೋ ಹೊತ್ತಿಗೆ ಅವಳು ಸತ್ತು ಹತ್ತು ವರ್ಷ. ಆ ಹದಿನಾಲ್ಕನೇ ಹೆರಿಗೆಯ ಬಗ್ಗೆ ಡಬ್ಬಿ ಮೇಲೆ ಒಂದು ಸಾಲೂ ಇಲ್ಲ, ಬಿಡಿ.

1925ರಲ್ಲಿ ಪ್ಯಾರಿಸ್ಸಲ್ಲಿ ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನ ನಡೀತು. ಶಾಲಿಮಾರ್ ಮೆರೆದದ್ದು ಅಲ್ಲಿ. ಆ ಕಾಲದ ಪ್ಯಾರಿಸ್ಸಿಗೆ ಪೂರ್ವ ದೇಶ ಅಂದ್ರೆ ಪರದೆ, ಕಾರಂಜಿ, ಬೆಳದಿಂಗಳು, ಅಲ್ಲಿಗೆ ಮುಗೀತು. ಇಂಥ ಘಮಗಳ ಇಡೀ ಗುಂಪಿಗೇ 'ಓರಿಯೆಂಟಲ್' ಅಂತ ಹೆಸರಿಟ್ಟು ದಶಕಗಟ್ಟಲೆ ಮಾರಿದರು. ಇತ್ತೀಚೆಗೆ ಆ ಹೆಸರು ಸರಿಯಿಲ್ಲ ಅಂತ 'ಆಂಬರ್' ಅನ್ನೋಕೆ ಶುರು ಮಾಡಿದ್ದಾರೆ. ಹಾಗಾಗಿ ಮೊಘಲ್ ಅಂತ ಬೈತಿರೋ ಗೆಳೆಯಾ, ನೀನು ಬೈತಿರೋದು ಫ್ರೆಂಚರು ತಮ್ಮ ಡ್ರಾಯಿಂಗ್ ರೂಮಲ್ಲಿ ಕೂತು ಕಂಡ ಕನಸಿಗೆ. ಮೊಘಲ್ ವೈಭವ ಅಂತ ಮೈಮೇಲೆ ಹಾಕ್ಕೊಂಡು ಸ್ಟೇಟಸ್ ಹಾಕೋ ಗೆಳತಿಯದ್ದೂ ಅದೇ ಕನಸು.

8/10

ಹಾಗಾದ್ರೆ ಈ ಸೀಸೆಯಲ್ಲಿ ಇತಿಹಾಸ ಇಲ್ವಾ? ಇದೆ. ಡಬ್ಬಿ ಮೇಲೆ ಹಾಕದೇ ಇರೋ ಇತಿಹಾಸ.

ವೆನಿಲ್ಲಾ ಮೆಕ್ಸಿಕೋ ಕಡೆಯ ಬಳ್ಳಿ. ಅದನ್ನ ಬೇರೆ ದೇಶಕ್ಕೆ ತಂದು ನೆಟ್ಟರೆ ಹೂ ಬಿಡ್ತಿತ್ತು, ಕಾಯಿ ಕಟ್ತಿರಲಿಲ್ಲ. ಪರಾಗಸ್ಪರ್ಶ ಮಾಡೋ ಹುಳ ಅಲ್ಲೇ ಉಳಿದುಬಿಟ್ಟಿತ್ತು. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಅನ್ನೋ 12 ವರ್ಷದ ಹುಡುಗ, ತೋಟದ ಯಜಮಾನನ ಗುಲಾಮ, ಒಂದು ತೆಳ್ಳನೆ ಕಡ್ಡಿಯಿಂದ ಹೂವಿನ ಒಳಗಿನ ಪೊರೆ ಎತ್ತಿ ಬೆರಳಿಂದ ಒತ್ತೋದನ್ನ ಕಂಡುಹಿಡಿದ. ಪ್ರಪಂಚದ ವೆನಿಲ್ಲಾ ತೋಟಗಳು ಆ ಬೆರಳ ತುದಿಯಿಂದ ಎದ್ದಿದ್ದು. 1848ರಲ್ಲಿ ಗುಲಾಮಗಿರಿ ಹೋಯ್ತು, ಅವನಿಗೆ ಆಲ್ಬಿಯಸ್ ಅಂತ ಮನೆತನದ ಹೆಸರು ಸಿಕ್ತು. ಸತ್ತಿದ್ದು ಬಡವನಾಗೇ, 1880ರಲ್ಲಿ.

ಅದೇ ಕಡ್ಡಿ ವಿದ್ಯೆ ನಮ್ಮ ಮಲೆನಾಡಿಗೂ ಬಂತು. ಶಿರಸಿ, ತೀರ್ಥಹಳ್ಳಿ ಕಡೆಯ ಗೆಳೆಯರ ಮನೇಲಿ ಕೇಳಿ ನೋಡಿ. 2000ದ ಆಸುಪಾಸಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಬೆಲೆ ಆಕಾಶಕ್ಕೇರಿದಾಗ ಅಡಿಕೆ ತೋಟದ ನಡುವೆ ವೆನಿಲ್ಲಾ ಹಬ್ಬಿಸಿದವರು ಎಷ್ಟು ಜನ, ಬೆಳಗಾಗೆದ್ದು ಹೂವಿಗೆ ಕಡ್ಡಿ ಹಿಡಿದವರು ಎಷ್ಟು ಜನ, ನಾಲ್ಕೈದು ವರ್ಷಕ್ಕೇ ಬೆಲೆ ಬಿದ್ದಾಗ ಬಳ್ಳಿ ಕಿತ್ತು ಎಸೆದವರು ಎಷ್ಟು ಜನ.

ವೆನಿಲ್ಲಾದ ಇನ್ನೊಂದು ದಾರಿ ಜರ್ಮನಿಯದ್ದು. 1874ರಲ್ಲಿ ಟೀಮನ್ ಮತ್ತು ಹಾರ್ಮನ್ ಅನ್ನೋ ಇಬ್ಬರು ರಸಾಯನಶಾಸ್ತ್ರಜ್ಞರು ಪೈನ್ ಮರದಲ್ಲಿ ಸಿಗೋ ಒಂದು ವಸ್ತುವಿನಿಂದ ವೆನಿಲಿನ್ ಮಾಡಿದರು. ಅದರ ಬಲವಾದ ತಮ್ಮನೇ ಶಾಲಿಮಾರಿಗೆ ಸುರಿದ ಈಥೈಲ್ ವೆನಿಲಿನ್.

ನನಗೆ ಕೇಳಿದ್ರೆ ಗುಲಾಮ ಹುಡುಗನ ಬೆರಳು, ಜರ್ಮನ್ ಲ್ಯಾಬು, ಇಟಲಿಯ ಹಣ್ಣಿನ ಸಿಪ್ಪೆ, ಇಷ್ಟನ್ನ ಒಂದು ಡಬ್ಬಿ ಮೇಲೆ ಬರೆದ್ರೆ ಸಾಕು. ತಾಜ್‌ಮಹಲು ಬೇಕಾಗಲ್ಲ. ಆದರೆ ಹಾಗೆ ಬರೆದ ಡಬ್ಬಿ ಬಹುಶಃ ಖರ್ಚಾಗಲ್ಲ.

9/10

ನಿಜವಾದ ಅರಮನೆಗಳ ಗಂಡಸರು ಏನು ಹಾಕ್ಕೊಳ್ತಿದ್ರು? ಹುಡುಗಿ ಸೆಂಟಿನವರು ಇದನ್ನ ಓದಲೇಬೇಕು.

ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಸುಗಂಧಗಳಿಗೇ ಒಂದು ಅಧ್ಯಾಯ ಇದೆ. ಅಕ್ಬರನಿಗೆ ಘಮದ ಹುಚ್ಚು, ದರ್ಬಾರಲ್ಲಿ ಸದಾ ಅಗರು, ಅಂಬರಿನ ಧೂಪ. ಅವನ ಮಗ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಗುಲಾಬಿ ಅತ್ತರಿನ ಬಗ್ಗೆ ಬರೆದಿದ್ದಾನೆ. ಬಿಸಿ ಪನ್ನೀರನ್ನ ಅಗಲ ಪಾತ್ರೆಗೆ ಸುರಿದಾಗ ಮೇಲೆ ತೇಲೋ ಎಣ್ಣೆಯನ್ನ ಕೂಡಿಸಿಟ್ಟು ಅತ್ತರು ಮಾಡಿದ್ದು ನೂರ್ ಜಹಾನಳ ತಾಯಿಯಂತೆ. ಅದಕ್ಕೆ ಸಲೀಮಾ ಸುಲ್ತಾನ್ ಬೇಗಮ್ ಇಟ್ಟ ಹೆಸರು ಇತ್ರ್-ಇ-ಜಹಾಂಗೀರಿ. ಗುಲಾಬಿ ಘಮಕ್ಕೆ ಚಕ್ರವರ್ತಿಯ ಹೆಸರು! ಅವನ ಗಂಡಸ್ತನಕ್ಕೆ ಏನೂ ಆದ ಹಾಗೆ ಕಾಣಲ್ಲ.

ಮೊಘಲರು ಬೇಡ, ನಮ್ಮೋರೇ ಬೇಕು ಅನ್ನೋದಾದ್ರೆ ಬಸವಕಲ್ಯಾಣಕ್ಕೆ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ರಾಜನಾದವನು ಅನುಭವಿಸಬೇಕಾದ ಭೋಗಗಳ ಪಟ್ಟಿಯಲ್ಲಿ ಸ್ನಾನ, ತಾಂಬೂಲದ ಜೊತೆಗೆ ಮೈಗೆ ಹಚ್ಚೋ ಲೇಪಗಳು, ಧೂಪಗಳು ಇವೆ. ಬರೆದವನು ಗಂಡಸು, ಹಚ್ಚಿಕೊಳ್ಳೋನೂ ಗಂಡಸು. ಗಂಧ, ಕುಂಕುಮಕೇಸರಿ, ಕಸ್ತೂರಿಯನ್ನ ಗಂಡಸರೂ ಹಾಕ್ಕೊಳ್ತಿದ್ದ ಕಾಲ ಅದು.

ಅಷ್ಟು ದೂರ ಯಾಕೆ, ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸ್ತಾರಲ್ಲ. ಅದು ಗುಲಾಬಿ ನೀರು. ನಮ್ಮ ಮಾವಂದಿರು, ಚಿಕ್ಕಪ್ಪಂದಿರು, ಮೀಸೆ ತಿರುವಿಕೊಂಡು ಬಂದ ಬೀಗರು, ಯಾರಾದ್ರೂ "ಲೇಡೀಸ್ ಸೆಂಟು, ನಂಗೆ ಬೇಡ" ಅಂತ ಹಿಂದೆ ಸರಿದಿದ್ದು ನೋಡಿದೀರಾ? ಆಚೆ ಮನೆಯವರು ತನಗೆ ಚಿಮುಕಿಸಲಿಲ್ಲ ಅಂತ ಮುನಿಸಿಕೊಂಡವರನ್ನ ನಾನು ನೋಡಿದೀನಿ.

10/10

ಇನ್ನು ಮೂರನೇ ತೀರ್ಪು. ಇಷ್ಟೂ ಬರೆದಿದ್ದು ಇದಕ್ಕೇ.

ಸೀಸೆಗೆ ದುಡ್ಡು ಹಾಕಿದ ನಾಲ್ವರಲ್ಲಿ ಇಬ್ಬರು ಒಂದೇ ದಿನ ಅದನ್ನೇ ಹಾಕ್ಕೊಂಡು ಬಂದ್ವಿ, ಅವನು ಮತ್ತು ನಾನು. ಒಂದೇ ಸೀಸೆ, ಇಬ್ಬರೂ ಕತ್ತಿಗೆ ಎರಡೆರಡು ಸಲ ಒತ್ತಿದ್ದು, ಒಂದೇ ಬೆಂಚು. ನನಗೆ ಬಂದಿದ್ದು "ಹುಡುಗಿ ಸೆಂಟು", ಬೇಕರಿ, ಐಸ್‌ಕ್ರೀಮ್. ಅವನಿಗೆ ಬಂದಿದ್ದು "ದರ್ಗಾ ವಾಸನೆ". ಹೇಳಿದವನಿಗೆ ಸೀಸೆ ಒಂದೇ ಅಂತ ಗೊತ್ತಿರಲಿಲ್ಲ. ಅವನ ಹೆಸರು ಮಾತ್ರ ಗೊತ್ತಿತ್ತು. (ಇದನ್ನ ಅವನಿಗೆ ಓದಿಸಿ, ಅವನು ಸರಿ ಅಂದಮೇಲೇ ಹಾಕ್ತಿದೀನಿ.)

ದರ್ಗಾ ನೆನಪಾಗೋದು ತಪ್ಪಲ್ಲ. ಶಾಲಿಮಾರಿನ ತಳದಲ್ಲಿ ಓಪೋಪೊನಾಕ್ಸ್ ಅಂತ ಒಂದು ಅಂಟು ರಾಳ ಇದೆ. ನಮ್ಮ ಗುಗ್ಗುಳ ಯಾವ ಕುಲದ ಗಿಡದ್ದೋ ಅದೂ ಅದೇ ಕುಲದ್ದು. ನಮ್ಮಮ್ಮ ಶುಕ್ರವಾರ ಕೆಂಡಕ್ಕೆ ಹಾಕೋದು ಗುಗ್ಗುಳ. ಅಜ್ಜಿ ಎಣ್ಣೆನೀರು ಹಾಕಿ ನಮ್ಮ ತಲೆಗೆ ಹೊಗೆ ಹಿಡೀತಿದ್ದಿದ್ದು ಸಾಂಬ್ರಾಣಿ. ದರ್ಗಾದಲ್ಲಿ ಅದನ್ನೇ ಲೋಬಾನ ಅಂತಾರೆ. ಗ್ರಂಥಿಗೆ ಅಂಗಡಿಯಲ್ಲಿ ಎರಡಕ್ಕೂ ಒಂದೇ ಡಬ್ಬ, ಕೊಳ್ಳೋಕೆ ಬಂದವರ ಮುಖ ನೋಡಿ ಶೆಟ್ಟರು ಹೆಸರು ಬದಲಾಯಿಸ್ತಾರೆ. ಹಾಗಾಗಿ ಆ ಘಮಕ್ಕೆ ದರ್ಗಾ ನೆನಪಾದ್ರೆ ಆಗಲಿ, ದೇವರ ಮನೆ ನೆನಪಾದ್ರೂ ಆಗಲಿ. ಪ್ರಶ್ನೆ ಬೇರೆ. ನನ್ನ ಕತ್ತಿನ ಮೇಲಿದ್ದಾಗ ನಿನಗೆ ಯಾಕೆ ದರ್ಗಾ ನೆನಪಾಗಲಿಲ್ಲ? ಅವನ ಕತ್ತಿನ ಮೇಲಿದ್ದಾಗ ಯಾಕೆ ಬೇಕರಿ ನೆನಪಾಗಲಿಲ್ಲ?

ಮೂಗು ಇಷ್ಟು ಬೇಗ ಜಾತಿ ಧರ್ಮ ಕಂಡುಹಿಡಿಯಲ್ಲ. ಕಿವಿಗೆ ಬಿದ್ದ ಹೆಸರು ಕಂಡುಹಿಡಿದು ಮೂಗಿಗೆ ಹೇಳಿಕೊಟ್ಟಿದೆ. ಇದೇ ಮೂಗು ಮೆಸ್ಸಲ್ಲಿ ಒಬ್ಬಳ ಡಬ್ಬಿ ಮುಚ್ಚಳ ತೆಗೆಯೋಕೆ ಮೊದಲೇ ಒಣಮೀನು ಅಂದಿತ್ತು, ಒಳಗಿದ್ದದ್ದು ಮಾವಿನಕಾಯಿ ಚಿತ್ರಾನ್ನ. ಆಗಲೂ ಎಲ್ಲರೂ ನಕ್ಕರು.

ಅವತ್ತಿನಿಂದ ಅವನು ಸೆಂಟು ಹಾಕೋದು ಬಿಟ್ಟಿದಾನೆ. ಶಾಲಿಮಾರ್ ಮಾತ್ರ ಅಲ್ಲ, ಅವನ ತಾತ ಕೊಟ್ಟ ಮಣ್ಣಿನ ಅತ್ತರೂ ಬೀರುವಿನಲ್ಲೇ ಇದೆ. ಕ್ಲಾಸಿಗೆ ಬರೋ ಮುಂಚೆ ಎರಡೆರಡು ಸಲ ಸೋಪು ಹಾಕಿ ಕತ್ತು ತೊಳ್ಕೊಳ್ತಾನೆ, ರೂಮ್‌ಮೇಟ್ ನಾನು, ನನಗೆ ಗೊತ್ತು.

ಇದನ್ನ ಓದಿ ನನಗೆ ಹಾರ್ಟ್ ಹಾಕಬೇಡಿ, ಡಿಎಂನಲ್ಲಿ "ಸಾರಿ ಮಗಾ, ತಮಾಷೆಗೆ ಅಂದೆ" ಅಂತಲೂ ಬರೀಬೇಡಿ. ನನಗೆ ಅಂದಿದ್ದಲ್ಲ ಅದು. ಅವನು ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಲೈಬ್ರರಿ ಎರಡನೇ ಮಹಡಿ, ಕಿಟಕಿ ಪಕ್ಕದ ಟೇಬಲ್ಲಲ್ಲಿ ಕೂತಿರ್ತಾನೆ. ಎದುರಿನ ಕುರ್ಚಿ ಖಾಲಿ ಇರುತ್ತೆ.

#ಶಾಲಿಮಾರ್ #ಸೆಂಟಿನ_ಜಗಳ #ಫೈನಲ್_ಇಯರ್